ತಡರಾತ್ರಿಯ ಕಾರಿನಲ್ಲಿ ‘ನಿತ್ಯೋತ್ಸವ’

ನಮ್ಮ ಕೂಟದ ಕಾರ್ಯಕ್ರಮಗಳು ಹೇಳಿದ ಹೊತ್ತಿಗೆ ಮುಗಿದ ದಾಖಲೆ ಇಲ್ಲವಷ್ಟೆ. ವಂದನಾರ್ಪಣೆ, ಅದರಲ್ಲಿ ಬಿಟ್ಟುಹೋದವರಿಗೆ ಇನ್ನೊಂದು ವಂದನಾರ್ಪಣೆ, ಕುರ್ಚಿ ಮಡಿಸುವುದು, ಬಿಸಿಬೇಳೆ ಭಾತಿನ ಪಾತ್ರೆ ಯಾರ ಕಾರಿಗೆ ಎಂಬ ಚರ್ಚೆ, ಆಮೇಲೆ ಬಾಗಿಲಲ್ಲಿ ನಿಂತು ಅರ್ಧ ಗಂಟೆ “ಹೋಗಿಬರ್ತೀವಿ”. ಇಷ್ಟೆಲ್ಲ ಆಗಿ ಫ್ಲಶಿಂಗಿನಿಂದ ನ್ಯೂಜರ್ಸಿಯ ಕಡೆ ಕಾರು ತಿರುಗಿಸುವಾಗ ರಾತ್ರಿ ಹನ್ನೊಂದೂವರೆ ದಾಟಿರುತ್ತಿತ್ತು. ನಾವು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಬೌನ್ ಸ್ಟ್ರೀಟಿನ ಗಣೇಶನ ಗುಡಿಯಲ್ಲಿ 1977ರಲ್ಲಿ ಪ್ರತಿಷ್ಠೆಯಾಗಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ.

ಊರಿನ ನಡುವಿನಿಂದ ಹೋಗುವುದು ನಮ್ಮ ರೂಢಿ. ಕ್ವೀನ್ಸ್‌ಬರೋ ಸೇತುವೆಗೆ ಸುಂಕವಿಲ್ಲ. ಹಾಲೆಂಡ್ ಸುರಂಗದಲ್ಲಿ 1970ರಿಂದ ನ್ಯೂಯಾರ್ಕಿಗೆ ಬರುವವರಿಗೆ ಮಾತ್ರ ಸುಂಕ, ಬಿಟ್ಟುಹೋಗುವವರಿಗಿಲ್ಲ. ಟರ್ನ್‌ಪೈಕ್ ಹತ್ತುವವರೆಗೆ ಕಾಸು ಬಿಚ್ಚದೆ ಸಾಗುವ ಈ ಹಾದಿಯನ್ನು ಯಾವ ಮೈಸೂರಿನವನು ತಾನೇ ಬಿಟ್ಟಾನು? (2025ರ ಜನವರಿಯಿಂದ ಮ್ಯಾನ್‌ಹಟನ್ನಿನ ಕೆಳಭಾಗಕ್ಕೆ ಕಾರು ತಂದವರೆಲ್ಲ ಹಣ ತೆರಬೇಕಾಗಿ ಬಂದು ನಮ್ಮ ಲೆಕ್ಕ ತಪ್ಪಿತು, ಆ ಮಾತು ಬೇರೆ.)

ಆ ಹಾದಿಗೆ ನಮ್ಮದು ಒಂದೇ ಹಾಡು, ‘ನಿತ್ಯೋತ್ಸವ’. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. 1978ರಲ್ಲಿ ಅದೇ ಹೆಸರಿನ ಕ್ಯಾಸೆಟ್ಟು ಬಂತು. ಕನ್ನಡ ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆದದ್ದೇ ಅದು. ಊರಿಗೆ ಹೋದಾಗ ತಂದ ಪ್ರತಿಯನ್ನು ಪೆನ್ಸಿಲಿನಲ್ಲಿ ಸುತ್ತಿ ಸುತ್ತಿ ಉಳಿಸಿಕೊಂಡಿದ್ದೆವು. ಕೆನಾಲ್ ಸ್ಟ್ರೀಟಿನ ದೀಪಗಳಲ್ಲಿ ಶುರುವಾದರೆ ಸುರಂಗದೊಳಗೂ ಹಾಡು ನಡೆಯುತ್ತಿತ್ತು. ಒಂದೂವರೆ ಮೈಲಿಗೂ ಮಿಕ್ಕ ಆ ಸುರಂಗದಲ್ಲಿ ಆಗ ರೇಡಿಯೋ ಗೊರಗೊರ ಎಂದು ಸಾಯುತ್ತಿತ್ತು. ಅನಂತಸ್ವಾಮಿಯವರಿಗೆ ಅದರ ಹಂಗಿರಲಿಲ್ಲ. ಆಚೆ ಬಂದರೆ ನ್ಯೂಆರ್ಕ್ ವಿಮಾನ ನಿಲ್ದಾಣ, ಅದಾದ ಮೇಲೆ ಲಿಂಡನ್ನಿನ ಎಣ್ಣೆ ಕಾರ್ಖಾನೆಯ ದೀಪಗಳು, ಕಿಟಕಿ ಮುಚ್ಚಿದರೂ ಒಳಗೆ ಬರುವ ವಾಸನೆ. ಹಾಡಿನಲ್ಲಿ ಜೋಗ, ತುಂಗೆ, ಸಹ್ಯಾದ್ರಿಯ ಕಾಡು.

ನಮ್ಮ ಮಿತ್ರರೊಬ್ಬರ ಪಕ್ಷ ಬೇರೆ. ‘ಎರಡು ಕನಸು’ ಚಿತ್ರದ ಪಿ.ಬಿ. ಶ್ರೀನಿವಾಸ್, ವಾಣಿ ಜಯರಾಂ ಯುಗಳಗೀತೆಗೆ ಸಾಟಿಯಿಲ್ಲ ಎನ್ನುತ್ತಾರೆ. ನಾವೂ ಒಪ್ಪುತ್ತೇವೆ, ಹಗಲಿನಲ್ಲಿ. ರಾತ್ರಿ ಹನ್ನೆರಡಕ್ಕೆ ಶ್ರೀನಿವಾಸರ ದನಿ ಕೇಳಿದರೆ ಕಾರು ಓಡಿಸುವವನ ಕಣ್ಣು ತೂಗುತ್ತದೆ.

ಇರಲಿ. ಹೇಳಬೇಕಾದ್ದು ಹಾಡಿನ ಹಿರಿಮೆಯಲ್ಲ, ನಮ್ಮ ತಪ್ಪು. ಅಂಥ ಒಂದು ರಾತ್ರಿ ಲಿಂಡನ್ ಹತ್ತಿರ, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾಳೆಂದು ನಾವು ನಂಬಿದ್ದ ಏಳು ವರ್ಷದ ಮಗಳು ಕೇಳಿದಳು: “ಅಪ್ಪಾ, ಅದಿರ ಅಂದ್ರೆ ಏನು?” ನಾವು ಹೇಳಿದ್ದು, “ಹಾಡು ಮುಗೀಲಿ, ಮಲಗಮ್ಮ.” ಹಾಡು ಮುಗಿಯುವಾಗ ಅವಳು ನಿಜವಾಗಿಯೂ ಮಲಗಿದ್ದಳು. ಮರುದಿನ ನಾವೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನಮಗೆ ಗೊತ್ತಿಲ್ಲದ ಶಬ್ದವಲ್ಲ ಅದು. ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತೆಂದು ಶಾಲೆಯಲ್ಲಿ ಉರು ಹೊಡೆದವರು ನಾವು. ಹಾಗಾದರೆ ಹೇಳಲಿಲ್ಲ ಏಕೆ? ಆ ಗಳಿಗೆಯಲ್ಲಿ ನಾವು ಟರ್ನ್‌ಪೈಕಿನಲ್ಲಿ ಇರಲಿಲ್ಲ, ಶಿವಮೊಗ್ಗೆಯ ಆಚೆ ಎಲ್ಲೋ ಇದ್ದೆವು. ಅಲ್ಲಿಂದ ನಮ್ಮನ್ನು ಎಬ್ಬಿಸಿದ್ದಕ್ಕೆ ಮಗುವಿನ ಮೇಲೆ ಕೊಂಚ ಬೇಸರವೂ ಆಗಿತ್ತು. ಮಕ್ಕಳ ಕಿವಿಗೆ ಕನ್ನಡ ಬೀಳಲಿ ಎಂದು ಹಾಡು ಹಾಕುತ್ತೇವೆಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆವು. ಹಾಕುತ್ತಿದ್ದದ್ದು ನಮಗಾಗಿ.

2020ರ ಮೇ 3ರಂದು ನಿಸಾರ್ ಅಹಮದರು ತೀರಿಕೊಂಡರು. ರೋಗದ ಭಯದಲ್ಲಿ ನ್ಯೂಜರ್ಸಿಯೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ಹೋಗಲು ಊರಿಲ್ಲ, ಮರಳಲು ರಾತ್ರಿಯಿಲ್ಲ. ಮನೆಯ ಮುಂದೆ ನಿಂತ ಕಾರಿನೊಳಗೆ ಕುಳಿತು ನಾವಿಬ್ಬರೂ ಹಾಡು ಕೇಳಿ ಒಳಗೆ ಬಂದೆವು.

ಕಳೆದ ಚಳಿಗಾಲದಲ್ಲಿ ಅದೇ ಹಾದಿ. ಕಾರು ಓಡಿಸುತ್ತಿದ್ದವಳು ಮಗಳು, ಹಿಂದೆ ಅವಳ ಮಗ. ಅವಳೇ ಫೋನಿನಲ್ಲಿ ಹಾಡು ಹಾಕಿ, ಒಂದಕ್ಷರ ತಪ್ಪದೆ ಜೊತೆಗೆ ಹಾಡಿದಳು. ಆಮೇಲೆ ಹೇಳಿದಳು, “ಪಾಪ ಅಪ್ಪ, ಬೆಟ್ಟ ಅಷ್ಟು ಎತ್ತರದಲ್ಲಿ ಚಳಿಗೆ ಅದುರುತ್ತೆ.” ನಮಗೆ ಒಂದು ನಿಮಿಷ ತಿಳಿಯಲಿಲ್ಲ. ‘ಚಳಿಗೆ ಅದುರ್ತಿದೀಯಲ್ಲೇ, ಕೋಟು ಹಾಕ್ಕೋ’ ಎಂದು ಅವಳ ತಾಯಿ ದಿನವೂ ಗದರುತ್ತಿದ್ದ ಆ ‘ಅದುರು’! ಮಗು ತನಗೆ ಗೊತ್ತಿದ್ದ ಕನ್ನಡದಲ್ಲೇ ಅರ್ಥ ಹುಡುಕಿಕೊಂಡು, ನಲವತ್ತು ವರ್ಷ ಸಹ್ಯಾದ್ರಿಯನ್ನು ನಡುಗಿಸುತ್ತ ಬಂದಿತ್ತು. ಅದೂ ಚೆನ್ನಾಗೇ ಇದೆಯಲ್ಲ ಎನ್ನುವವರಿದ್ದಾರೆ. ಆದರೆ ನಿಸಾರ್ ಅಹಮದರು ಭೂವಿಜ್ಞಾನ ಕಲಿಸುತ್ತಿದ್ದ ಮೇಷ್ಟರು. ಹಸಿರು, ಜಲಪಾತ ಎಲ್ಲ ಕವಿಗಳಿಗೂ ಕಾಣುತ್ತದೆ. ಬೆಟ್ಟದೊಳಗಿನ ಅದಿರು ಅವರಿಗೆ ಕಂಡದ್ದು. ಅದನ್ನೇ ನಾವು ಅವಳಿಗೆ ಕೊಡದೆ ಇಟ್ಟುಕೊಂಡೆವು.

ಅರ್ಥ ತಿಳಿಯದ ಮಕ್ಕಳಿಂದ ಹಾಡಿಸುವುದು ಗಿಳಿಪಾಠ ಎಂದು ನಮ್ಮ ಕೂಟದಲ್ಲಿ ಕೆಲವರು ಆಗಾಗ ಗೊಣಗುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ರಾಗ ಇಲ್ಲದಿದ್ದರೆ ಆ ಶಬ್ದ ನಲವತ್ತು ವರ್ಷ ಅವಳ ನಾಲಗೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅನಂತಸ್ವಾಮಿಯವರು ತಮ್ಮ ಪಾಲಿನ ಕೆಲಸ ಮಾಡಿದ್ದರು. ಉಳಿದದ್ದು ನಮ್ಮ ಒಂದು ನಿಮಿಷದ ಕೆಲಸ. ಕಾರಿನಲ್ಲಿ ಮಗು ಕೇಳಿದರೆ ಹಾಡು ನಿಲ್ಲಿಸಿ ಹೇಳಿಬಿಡಿ. ರಸಭಂಗ ಆಗುತ್ತದೆ, ಆಗಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಮನೆಗೆ ಹೋಗಿ ನಿಘಂಟು ತೆಗೆಯಿರಿ.

ವೇದಿಕೆಗೂ ಇದೇ ಮಾತು. ನಿರೂಪಕರು ಗಾಯಕರ ಪದವಿ, ಉದ್ಯೋಗ, ಯಾವ ಊರಿನ ಅಳಿಯ ಎಂಬುದನ್ನೆಲ್ಲ ಬಿಟ್ಟು, ಹಾಡಿನ ಎರಡು ಕಠಿಣ ಶಬ್ದಗಳನ್ನು ಮಕ್ಕಳಿಗೆ ಬಿಡಿಸಿ ಹೇಳಲಿ. ಬರುವ ಯುಗಾದಿಗೆ ಹೀಗೆ ಮಾಡಿ ನೋಡಿ ಎಂದು ಸಮಿತಿಯನ್ನು ಕೇಳಿದ್ದೇವೆ. ಕಾರ್ಯಕ್ರಮ ಇನ್ನೂ ಹತ್ತು ನಿಮಿಷ ಉದ್ದವಾಗುತ್ತದೆ ಎಂಬ ಆಕ್ಷೇಪ ಬಂದಿದೆ. ಕುರ್ಚಿ ಮಡಿಸಲು ನಾವು ಇರುತ್ತೇವೆ.