ಗೋಡೆ ಮೇಲೆ ಡಾಲ್ಫಿನ್ ಸಾಕು, ಇನ್ನು ಹಗರಣ ಬರಲಿ

ಫೆಸ್ಟ್ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ವರ್ಷ ಅದೇ ಜಗಳ. ಪೋಸ್ಟರ್ ಮಾಡುವವರು ಪಿಂಟರೆಸ್ಟ್‌ನಿಂದ ಯಾವುದೋ ಊರಿನ ಗೋಡೆಚಿತ್ರ ಎತ್ತಿ ಹಾಕುತ್ತಾರೆ. ಸಂಗೀತದವರು ಲ್ಯಾಪ್‌ಟಾಪಿನಲ್ಲಿ ಮಾಡಿದ ಬೀಟ್ ಕಳಿಸುತ್ತಾರೆ. ಅಷ್ಟರಲ್ಲಿ ಒಬ್ಬರು, "ಕನ್ನಡ ಸಂಘ ಅಂತ ಹೆಸರಿಟ್ಕೊಂಡು ಇದೆಂಥ ಡುಬುಡುಬು ಮಾರಾಯ್ರೆ, ನಮ್ಮಲ್ಲಿ ಏನೂ ಇಲ್ವಾ?" ಅನ್ನುತ್ತಾರೆ. "ಯಕ್ಷಗಾನದ ಮುಖ ಹಾಕಿದ್ರೆ ಮಾತ್ರ ಕನ್ನಡವಾ?" ಅಂತ ಇನ್ನೊಬ್ಬರು ತಿರುಗಿ ಕೇಳುತ್ತಾರೆ. ಕೊನೆಗೆ ರಾಜಿಯಾಗುತ್ತದೆ. ಹೊರಗಿನ ಬೀಟು, ಅದರ ಮೇಲೆ ಯಕ್ಷಗಾನದ ಮುಖ. ಎರಡೂ ಕಡೆಯವರಿಗೆ ಸಮಾಧಾನ. ಮರುವರ್ಷ ಕೇಳಿದರೆ ಆ ಪೋಸ್ಟರ್ ಯಾವುದಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ಕಾರವಾರ, ಅಂಕೋಲೆ ಕಡೆಯ ನಾವು ಕೆಲವರು ಈ ಜಗಳದ ಮಧ್ಯೆ ಒಂದು ಮಾತು ಹೇಳಬೇಕು ಅಂದುಕೊಂಡಿದ್ದೇವೆ. ಬೀದಿಕಲೆ, ಇಲಸ್ಟ್ರೇಷನ್, ಎಲೆಕ್ಟ್ರಾನಿಕ್ ಸಂಗೀತ ಇವುಗಳಿಂದ ಸ್ಫೂರ್ತಿ ಪಡೆಯುವುದು ತಪ್ಪೇನಲ್ಲ. ನಮ್ಮ ತಕರಾರು ಬೇರೆ. ನಾವು ಅಲ್ಲಿಂದ ಬಣ್ಣ ಮತ್ತು ಸದ್ದು ಮಾತ್ರ ತರುತ್ತಿದ್ದೇವೆ. ಅವರು ಕೆಲಸ ಮಾಡಿದ ರೀತಿಯನ್ನು ಅಲ್ಲೇ ಬಿಟ್ಟು ಬರುತ್ತಿದ್ದೇವೆ.

ಮೊದಲು "ಹೊರಗಿನದು ಯಾಕೆ" ಅನ್ನುವವರಿಗೆ ಒಂದು ಉತ್ತರ. ನಾವು ಸಂಜೆ ತಿರುಗಾಡುವ ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರ ಸುಮಾರಿಗೆ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ಠಾಗೋರರು ಇಲ್ಲಿಗೆ ಬಂದರು, ಕಾಳಿ ನದಿಯಲ್ಲಿ ದೋಣಿಯೇರಿ ತಿರುಗಿದರು, ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದರು. ಈ ವಿಷಯವನ್ನು ನಾವು ಎಲ್ಲ ಭಾಷಣಗಳಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಕೋಲ್ಕತ್ತೆಯ ಹುಡುಗ ಕಾರವಾರದಿಂದ ಸ್ಫೂರ್ತಿ ಪಡೆದರೆ ಹೆಮ್ಮೆ, ಕಾರವಾರದ ಹುಡುಗ ಶಿಕಾಗೋದಿಂದ ಪಡೆದರೆ ಮಾತ್ರ ಸಂಸ್ಕೃತಿ ಹಾಳಾಯ್ತಾ? ಹಾಗಾಗಲ್ಲ.

ಈಗ ನಮ್ಮ ಪಕ್ಷದವರ ಕಡೆ ತಿರುಗೋಣ.

ಗುಂಡಿಯಲ್ಲಿ ಮೊಸಳೆ

ಬೀದಿಕಲೆ ಅಂದಕೂಡಲೇ ನಮ್ಮಲ್ಲಿ ಎಲ್ಲರೂ ಬ್ಯಾಂಕ್ಸಿ ಹೆಸರು ಹೇಳುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ. ಮೈಸೂರಿನ ಕಾವಾದಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆಯ ದೊಡ್ಡ ಗುಂಡಿಯೊಂದನ್ನು ಕೊಳ ಮಾಡಿ ಅದರೊಳಗೆ ಒಂದು ಮೊಸಳೆ ಕೂರಿಸಿದರು. 2019ರಲ್ಲಿ ಇನ್ನೊಂದು ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟನನ್ನು ರಾತ್ರಿ ನಡೆಸಿ ವಿಡಿಯೊ ಮಾಡಿದರು. ನೋಡಿದವರಿಗೆ ಅದು ಚಂದ್ರನ ನೆಲ ಅನ್ನಿಸಿತು. ಪಕ್ಕದಲ್ಲಿ ಆಟೋ ಹೋದಾಗಲೇ ಬೆಂಗಳೂರು ಅಂತ ಗೊತ್ತಾಗಿದ್ದು. ಎರಡೂ ಸಲ ರಸ್ತೆ ರಿಪೇರಿಗೆ ಜನ ಬಂದರು.

ಈ ಮೊಸಳೆಯನ್ನು ಸುಮ್ಮನೆ ಒಂದು ಆರ್ಟ್ ಗ್ಯಾಲರಿಯಲ್ಲಿಟ್ಟರೆ ಅದು ಗೊಂಬೆ ಅಷ್ಟೇ. ಅದಕ್ಕೆ ಅರ್ಥ ಕೊಟ್ಟದ್ದು ಆ ಗುಂಡಿ. ಅಂದರೆ ಬೀದಿಕಲೆಯ ಅರ್ಧ ಕೆಲಸ ಬಣ್ಣ ಹಚ್ಚುವುದಲ್ಲ, ಆ ಜಾಗದಲ್ಲಿ ಏನಾಗಿದೆ ಅಂತ ನೋಡುವುದು.

ಈ ಲೆಕ್ಕದಲ್ಲಿ ನಮ್ಮೂರ ಗೋಡೆಗಳನ್ನು ನೋಡಿ. ಸರ್ಕಾರಿ ಕಾಂಪೌಂಡುಗಳ ಮೇಲೆ ನಮ್ಮ ಕಣ್ಣಿಗೆ ಬೀಳುವುದು ಹಾರುವ ಡಾಲ್ಫಿನ್, ತೆಂಗಿನಮರ, ಯಕ್ಷಗಾನದ ಕಿರೀಟ, ಒಂದು ಯುದ್ಧನೌಕೆ. ಚಿತ್ರ ಚೆನ್ನಾಗಿಯೇ ಇರುತ್ತದೆ, ಬಿಡಿಸಿದವರ ಕೈ ಒಳ್ಳೆಯದೇ. ಆದರೆ ಅದೇ ಚಿತ್ರ ಮಲ್ಪೆಯಲ್ಲಿದ್ದರೂ ನಡೆಯುತ್ತದೆ, ಮುರುಡೇಶ್ವರದಲ್ಲಿದ್ದರೂ ನಡೆಯುತ್ತದೆ. ಪ್ರವಾಸಿಗರಿಗೆ ಊರು ತೋರಿಸುವ ಚಿತ್ರ ಅದು. ಊರಿನವರಿಗೆ ಅದು ಏನನ್ನೂ ಹೇಳುವುದಿಲ್ಲ.

ಊರಿನವರಿಗೆ ಹೇಳುವ ವಿಷಯ ಇಲ್ಲವೇ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ಚಹಾದಂಗಡಿ, ಲಾರಿ, ಮನುಷ್ಯರು ಎಲ್ಲ ಗಂಗಾವಳಿ ಪಾಲಾದರು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಮುರಿದುಬಿತ್ತು. ಲಾರಿ ಸಮೇತ ನದಿಗೆ ಬಿದ್ದ ಚಾಲಕನ ಜೀವ ಉಳಿಸಲು ಮೀನುಗಾರರು ಓಡಿಬಂದರು. ಆ ಮಳೆಗಾಲ ನಮ್ಮ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬಸ್ಸು ಹತ್ತಿ ಕಾಲೇಜಿಗೆ ಬರುವಾಗ ಗುಡ್ಡದ ಕಡೆಯ ಸೀಟು ಬೇಡ ಅನ್ನುತ್ತಿದ್ದವರು ನಾವೇ. ಆದರೂ ಇವುಗಳ ಬಗ್ಗೆ ಒಂದು ಗೋಡೆ, ಒಂದು ಚಿತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ನಾವೂ ಮಾಡಲಿಲ್ಲ. ನಾವು ಆಗ ಪಿಂಟರೆಸ್ಟ್‌ನಲ್ಲಿದ್ದೆವು.

ಮಜಾ ಏನೆಂದರೆ ಬಾದಲ್ ಮಾಡಿದ ಕೆಲಸದ ಹತ್ತಿರದ ನೆಂಟ ಅಂಕೋಲೆಯಲ್ಲೇ ಇದೆ. ಪೇಪರಿನಲ್ಲಿ ‘ಹಗರಣ’ ಅಂದರೆ ಯಾರೋ ದುಡ್ಡು ನುಂಗಿದ ಸುದ್ದಿ. ಅಂಕೋಲೆಯ ಬೆಳಂಬಾರದ ಕಡೆ ಹಗರಣ ಅಂದರೆ ಬೇರೆ. ಹೋಳಿ ಸುಗ್ಗಿಯ ಹೊತ್ತಿನಲ್ಲಿ ಹಾಲಕ್ಕಿ ಜನ ವೇಷ ಹಾಕಿ, ಅಣಕು ದೃಶ್ಯ ಕಟ್ಟಿ, ಊರಿನಲ್ಲಿ, ದೇಶದಲ್ಲಿ ನಡೆದ ಸಂಗತಿಗಳನ್ನು ಬೀದಿಯಲ್ಲಿ ಎಲ್ಲರೆದುರು ಗೇಲಿ ಮಾಡುತ್ತಾರೆ. ಕೈಗೆ ಸಿಕ್ಕ ಸಾಮಾನೇ ಸಾಮಗ್ರಿ. ಇದಕ್ಕೆ ಕ್ಯುರೇಟರ್ ಇಲ್ಲ, ಟಿಕೆಟ್ ಇಲ್ಲ. ಮರುದಿನ ಏನೂ ಉಳಿಯುವುದೂ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಇದನ್ನು ಚಿಕ್ಕಂದಿನಿಂದ ನೋಡಿ ನಕ್ಕಿದ್ದೇವೆ. ಇದೂ ಬೀದಿಕಲೆ ಅಂತ ಹೊಳೆದದ್ದು ಮಾತ್ರ ಮೊಸಳೆಯ ಫೋಟೊ ನೋಡಿದ ಮೇಲೆ. ಅದಕ್ಕೇ ಹೇಳುವುದು, ಹೊರಗಿನದನ್ನು ನೋಡಬೇಕು. ಮನೆಯೊಳಗೆ ಏನಿದೆ ಅಂತ ಕಾಣಲಿಕ್ಕೂ ಒಮ್ಮೊಮ್ಮೆ ಹೊರಗಿನ ಬೆಳಕು ಬೇಕಾಗುತ್ತದೆ.

ಗುಮಟೆಯೂ ಒಂದು ಫಿಲ್ಟರ್

ಇನ್ನು ಡುಬುಡುಬು ವಿಷಯ. ಇದು ಎಂಜಿನಿಯರಿಂಗ್ ಕಾಲೇಜು, ಹಾಗಾಗಿ ಸ್ವಲ್ಪ ಯಂತ್ರದ ಕಥೆ ಹೇಳುವುದಕ್ಕೆ ಅಡ್ಡಿಯಿಲ್ಲ. ಜಪಾನಿನ ರೋಲಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಒಂದು ಪುಟ್ಟ ಪೆಟ್ಟಿಗೆ ಮಾಡಿತು. ಒಬ್ಬರೇ ಗಿಟಾರ್ ನುಡಿಸುವವರಿಗೆ ಬೇಸ್ ಗಿಟಾರಿನ ಜೊತೆ ಕೊಡಲಿ ಅನ್ನುವುದು ಉದ್ದೇಶ. ಅದರ ಸದ್ದು ಬೇಸ್ ಗಿಟಾರಿನ ಹಾಗೆ ಕೇಳಿಸಲೇ ಇಲ್ಲ. ವ್ಯಾಪಾರ ಕುದುರದೆ ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು, ಪೆಟ್ಟಿಗೆಗಳು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿದವು. ಶಿಕಾಗೋದ ಹುಡುಗರು ಅಗ್ಗಕ್ಕೆ ಸಿಕ್ಕ ಅದನ್ನು ತಂದು, ಹಾಡು ನಡೆಯುತ್ತಿದ್ದಾಗಲೇ ಅದರ ಫಿಲ್ಟರ್ ತಿರುಪನ್ನು ಆಚೀಚೆ ತಿರುಗಿಸಿದರು. 1987ರಲ್ಲಿ ಫ್ಯೂಚರ್ ಎಂಬ ಗುಂಪು ಹೊರತಂದ ‘ಆ್ಯಸಿಡ್ ಟ್ರ್ಯಾಕ್ಸ್’ನಿಂದ ಒಂದು ಹೊಸ ಸಂಗೀತ ಪ್ರಕಾರವೇ ಹುಟ್ಟಿತು.

ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈನ ಸಿನಿಮಾ ಸಂಗೀತಗಾರ ಚರಣ್‌ಜೀತ್ ಸಿಂಗ್ ಇದೇ 303, 808 ಡ್ರಮ್ ಯಂತ್ರ ಮತ್ತು ಒಂದು ಸಿಂಥಸೈಜರ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದ್ದರು. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಅದು ಮತ್ತೆ ಬಿಡುಗಡೆಯಾದಾಗ ಜಗತ್ತು ಬಾಯಿ ಬಿಟ್ಟು ಕೇಳಿತು. ಇಬ್ಬರದೂ ಒಂದೇ ಬುದ್ಧಿ. ಯಂತ್ರದ ಜೊತೆ ಬಂದ ಪುಸ್ತಕ ಹೇಳಿದ್ದನ್ನು ಬಿಟ್ಟು, ಕೈಯಲ್ಲಿದ್ದ ಸಾಮಾನಿನಿಂದ ತಮಗೆ ಬೇಕಾದ್ದನ್ನು ತೆಗೆದರು.

ಈಗ ಗುಮಟೆ ನೋಡಿ. ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಬಲಗೈ ಚರ್ಮದ ಮೇಲೆ ಬಡಿಯುವಾಗ ಎಡ ಅಂಗೈ ಆ ತೆರೆದ ಬಾಯನ್ನು ಮುಚ್ಚಿ ತೆಗೆಯುತ್ತಿರುತ್ತದೆ. ಬಾಯಿ ಕಿರಿದಾದಷ್ಟೂ ಒಳಗಿನ ಗಾಳಿಯ ಅನುರಣನದ ಆವರ್ತನ ಕೆಳಗಿಳಿಯುತ್ತದೆ. ಫಿಸಿಕ್ಸ್ ಲ್ಯಾಬಿನಲ್ಲಿ ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಅಂತ ಓದಿದ್ದು ಇದನ್ನೇ. ಶಿಕಾಗೋದ ಹುಡುಗರು ತಿರುಪು ತಿರುಗಿಸಿ ಮಾಡಿದ್ದನ್ನು ಗುಮಟೆಯವರು ಅಂಗೈಯಲ್ಲಿ ಮಾಡುತ್ತಾರೆ. ಹಾಗಂತ ‘ನಮ್ಮವರು ಎಲ್ಲ ಮೊದಲೇ ಕಂಡುಹಿಡಿದಿದ್ದರು’ ಅಂತ ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಬೀಟ್ ಮಾಡುವ ನಮ್ಮ ಗೆಳೆಯರು ಯಾರೋ ದುಡ್ಡಿಗೆ ಮಾರುವ ಡ್ರಮ್ ಸ್ಯಾಂಪಲ್ ಹುಡುಕುವಾಗ, ಅಂಥದೇ ತಲೆ ಓಡಿಸಿದ ವಾದ್ಯ ಹತ್ತು ಕಿಲೋಮೀಟರಿನೊಳಗೆ ಇದೆ ಅಂತ ನೆನಪಿಸಲು ಹೇಳುತ್ತಿದ್ದೇವೆ. ಪಕ್ಕದ ಗೋವಾ 2019ರಲ್ಲೇ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು.

ಎಲೆಕ್ಟ್ರಾನಿಕ್ ಸಂಗೀತ ನಮ್ಮದಲ್ಲ ಅನ್ನುವವರಿಗೂ ಒಂದು ಮಾತು. ಎಷ್ಟೋ ಭಜನೆಗಳಲ್ಲಿ, ಕಛೇರಿಗಳಲ್ಲಿ ಪಕ್ಕದಲ್ಲಿ ಗುಂಯ್ ಅನ್ನುವ ಶ್ರುತಿಪೆಟ್ಟಿಗೆ ಎಲೆಕ್ಟ್ರಾನಿಕ್. ಅದನ್ನು ರೂಪಿಸಿದವರಲ್ಲಿ ಮೊದಲಿಗರು ಬೆಂಗಳೂರಿನ ಜಿ. ರಾಜ್‌ನಾರಾಯಣ್, ಎಚ್‌ಎಎಲ್‌ನಲ್ಲಿದ್ದ ಎಂಜಿನಿಯರ್, ಕೊಳಲು ನುಡಿಸುವವರು. ಅವರು ಕಟ್ಟಿದ ರಾಡೆಲ್ ಕಂಪನಿಯ ತಂಬೂರಿ ಪೆಟ್ಟಿಗೆಗೆ ಯಾರೂ ಸಂಸ್ಕೃತಿಯ ತಕರಾರು ತೆಗೆದಿಲ್ಲ.

ಹೆಸರಿಲ್ಲದ ಮುಖ

ಇಲಸ್ಟ್ರೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದೇ ದೂರು. ಜಿಲ್ಲೆಯ ಯಾವುದೇ ಉತ್ಸವದ ಪೋಸ್ಟರ್ ತೆಗೆಯಿರಿ, ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಅಜ್ಜಿಯ ಮುಖ ಇರುತ್ತದೆ. ನಮ್ಮ ಪೋಸ್ಟರಿನಲ್ಲೂ ಬಂದಿದೆ. ಯಾರು ಅಂತ ಕೇಳಿದರೆ ಉತ್ತರವಿಲ್ಲ. ಡಾಲ್ಫಿನ್ ಹೇಗೋ ಹಾಗೆ ಅದೂ ಒಂದು ಚಿಹ್ನೆ.

ಚಂದ್ರನಾಥ ಆಚಾರ್ಯರು ಪತ್ರಿಕೆಗಳಲ್ಲಿ ಕಥೆಗಳಿಗೆ ಬರೆದ ಚಿತ್ರಗಳನ್ನು, ಅಪಾರ ಅವರ ಪುಸ್ತಕದ ಮುಖಪುಟಗಳನ್ನು ನೋಡಿದವರಿಗೆ ಗೊತ್ತು, ಒಳ್ಳೆಯ ಇಲಸ್ಟ್ರೇಷನ್ ಓದಿನಿಂದ ಬರುತ್ತದೆ. ನಮಗೆ ಓದಲಿಕ್ಕೆ ಊರೇ ಇದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕೆಲಸ ಶುರುಮಾಡಿತು. ಅದರ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಮನೆಗಳು ಜಾಗ ಬಿಟ್ಟೆದ್ದವು. ನೌಕಾನೆಲೆ ದೇಶಕ್ಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿಯ ಒಳಗಾದ ಆ ಊರುಗಳಲ್ಲಿ ಬಾವಿ ಎಲ್ಲಿತ್ತು, ದೋಣಿ ಎಳೆಯುವ ಜಾಗ ಯಾವುದು, ಯಾರ ಮನೆ ಪಕ್ಕ ಯಾರದಿತ್ತು ಅನ್ನುವುದು ಈಗ ಅಜ್ಜ ಅಜ್ಜಿಯರ ತಲೆಯಲ್ಲಿ ಮಾತ್ರ ಇದೆ. ಅವರ ಪಕ್ಕ ಕೂತು, ಅವರು ಹೇಳಿದ ಹಾಗೆ ಒಂದು ನಕಾಶೆ ಬಿಡಿಸಿದರೆ ಅದಕ್ಕಿಂತ ದೊಡ್ಡ ಇಲಸ್ಟ್ರೇಷನ್ ಬೇಕೇ? ಇದಕ್ಕೆ ಇನ್ನು ಹೆಚ್ಚು ವರ್ಷಗಳಿಲ್ಲ.

ಯಾರ ಹಾಡು, ಯಾರ ಹೆಸರು

ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿ 13ರಂದು ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಪಡೆದ ನಮ್ಮೆಲ್ಲರ ಸುಕ್ರಜ್ಜಿ. ಹಾಡೂ ಅವರದು, ಸಾರಾಯಿ ವಿರುದ್ಧದ ಹೋರಾಟವೂ ಅವರದು. ಈಗ ಅವರ ದನಿ ನಮ್ಮ ಫೋನುಗಳಲ್ಲಿದೆ. ಅದನ್ನು ಕತ್ತರಿಸಿ, ಕೆಳಗೆ ಒಂದು ಬೀಟ್ ಸೇರಿಸಿ, ‘ಟ್ರೈಬಲ್ ಮಿಕ್ಸ್’ ಅಂತ ಹೆಸರಿಟ್ಟು ಹಾಕುವುದು ಹತ್ತು ನಿಮಿಷದ ಕೆಲಸ. ನಾವು ಹೇಳುವುದು, ಹಾಗೆ ಮಾಡಬಾರದು.

ಜನಪದ ಹಾಡಿಗೆ ಕರ್ತೃ ಇಲ್ಲವಲ್ಲ ಅಂತ ವಾದ ಬರುತ್ತದೆ. ಹಾಡಿಗೆ ಇಲ್ಲದಿರಬಹುದು, ಹಾಡಿದವರು ಇದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಂ ಹಾಡಿದವರಿಗೆ 50 ವರ್ಷದ ಹಕ್ಕು ಕೊಡುತ್ತದೆ; ಧ್ವನಿಮುದ್ರಣದ ಹಕ್ಕು ಬೇರೆ, ಅದು 60 ವರ್ಷ. ಕಾನೂನು ಹಾಗಿರಲಿ. ಹೆಸರು ಹಾಕದೆ ತೆಗೆದುಕೊಂಡರೆ ಪೋಸ್ಟರಿನ ಹೆಸರಿಲ್ಲದ ಮುಖಕ್ಕೂ ಈ ಹೆಸರಿಲ್ಲದ ದನಿಗೂ ವ್ಯತ್ಯಾಸ ಇರುವುದಿಲ್ಲ. ಇದಕ್ಕೆ ಹೆದರಿ ಮುಟ್ಟದೇ ಇರುವುದೂ ಸರಿಯಲ್ಲ. ಮ್ಯೂಸಿಯಮ್ಮಿನಲ್ಲಿಟ್ಟ ಗುಮಟೆ ಯಾರ ಕಿವಿಗೂ ಬೀಳುವುದಿಲ್ಲ.

ಹಾಗಾಗಿ ಸಂಘದ ಮುಂದೆ ಮೂರು ಪ್ರಸ್ತಾಪ ಇಡುತ್ತಿದ್ದೇವೆ.

ಒಂದು, ಈ ಸಲ ಗೋಡೆಚಿತ್ರ ಸ್ಪರ್ಧೆ ಕಾಲೇಜಿನೊಳಗೆ ಬೇಡ. ಕಾರವಾರ ಅಥವಾ ಅಂಕೋಲೆಯಲ್ಲಿ ಒಂದೇ ಗೋಡೆ ಹುಡುಕೋಣ, ಒಡೆಯರ ಅನುಮತಿ ಬರಹದಲ್ಲಿ ಪಡೆಯೋಣ. ಅನುಮತಿ ಇಲ್ಲದೆ ಬಳಿದರೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ, ನೆನಪಿರಲಿ. ವಿಷಯವನ್ನು ಆ ದಾರಿಯಲ್ಲಿ ದಿನಾ ಓಡಾಡುವವರನ್ನು ಕೇಳಿ ನಿರ್ಧರಿಸೋಣ. ಅವರು ಡಾಲ್ಫಿನ್ನೇ ಬೇಕು ಅಂದರೆ ಡಾಲ್ಫಿನ್ನೇ ಆಗಲಿ. ಆದರೆ ಕೇಳಿಯೇ ಆಗಲಿ.

ಎರಡು, ಗುಮಟೆ ನುಡಿಸುವವರನ್ನು ಕರೆಸಿ, ಡಿಜೆಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ರೆಕಾರ್ಡ್ ಮಾಡೋಣ. ಹಾಡಿನಲ್ಲಿ ಮೊದಲ ಹೆಸರು ಅವರದು. ರೆಕಾರ್ಡಿಂಗಿನ ಒಂದು ಪ್ರತಿ ಅವರ ಮನೆಗೆ.

ಮೂರು, ಸೀಬರ್ಡ್‌ಗೆ ಊರು ಬಿಟ್ಟವರ ಮನೆಯ ಮೊಮ್ಮಕ್ಕಳು ನಮ್ಮಲ್ಲೇ ಇದ್ದಾರೆ. ಪ್ರತಿಯೊಬ್ಬರೂ ಒಂದೊಂದು ನಕಾಶೆ ಬಿಡಿಸಿ ತರಲಿ, ಈ ಪತ್ರಿಕೆಯಲ್ಲೇ ಪ್ರಕಟಿಸೋಣ.

ಬೀಟ್ ಮಾಡುವವರು ಮಾಡಲಿ, ಪಿಂಟರೆಸ್ಟ್ ನೋಡುವವರು ನೋಡಲಿ. ಆದರೆ ಈ ಸಲ ಹೋಳಿ ಹೊತ್ತಿಗೆ ರಜೆ ಹಾಕಿ ಅಂಕೋಲೆಗೂ ಒಮ್ಮೆ ಬನ್ನಿ. ಬರುವಾಗ ಸ್ಕೆಚ್‌ಬುಕ್, ರೆಕಾರ್ಡರ್ ಇರಲಿ. ನಿಂತಿರುವವರ ಹತ್ತಿರ ಮೊದಲು ಹೆಸರು ಕೇಳಿ, ಆಮೇಲೆ ಬಟನ್ ಒತ್ತಿ.