ನಮ್ಮ ಲ್ಯಾಪ್‌ಟಾಪಿಗೆ ರಿಯಲ್-ಟೈಮ್ ಕರ್ನಲ್ ಬೇಕಾ?

ಕಳೆದ ರಾಜ್ಯೋತ್ಸವದ ರಿಹರ್ಸಲ್ ಹೊತ್ತಿಗೆ ನಮ್ಮ ಗುಂಪಿನಲ್ಲಿ ಶುರುವಾದ ಚರ್ಚೆ ಇನ್ನೂ ಮುಗಿದಿಲ್ಲ. ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಭಾವಗೀತೆಗೆ ನುಡಿಸುವಾಗ ಸ್ಪೀಕರ್‌ನಿಂದ ಪಟಪಟ ಅಂತ ಸದ್ದು ಬರ್ತಿತ್ತು. ಬಫರ್ ದೊಡ್ಡದು ಮಾಡಿದರೆ ಸದ್ದು ನಿಲ್ಲುತ್ತಿತ್ತು, ಆದರೆ ಕೀಲಿ ಒತ್ತಿದ ಮೇಲೆ ಸ್ವರ ತಡವಾಗಿ ಕೇಳುತ್ತಿತ್ತು. ಲಿನಕ್ಸ್ ಬಲ್ಲ ಗೆಳೆಯನೊಬ್ಬ ರಿಯಲ್-ಟೈಮ್ ಕರ್ನಲ್ ಹಾಕಿಕೊಟ್ಟ. ಬಫರ್ 128 ಸ್ಯಾಂಪಲ್‌ಗೆ ಇಳಿಸಿದರೂ ಸದ್ದಿಲ್ಲ. ಅಷ್ಟು ಸಾಕಾಯ್ತು! ಮಾರನೇ ದಿನದಿಂದ "ನಮ್ಮದೂ ತುಂಬಾ ಸ್ಲೋ ಆಗಿದೆ, ಹಾಕಿಕೊಡು ಮಾರಾಯ" ಅಂತ ಅರ್ಧ ಗುಂಪು ಅವನ ಬೆನ್ನು ಬಿತ್ತು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಬ್ರೌಸರ್, ಅಸೈನ್‌ಮೆಂಟ್, ಊರಿಗೆ ವಿಡಿಯೊ ಕಾಲ್, ರಾತ್ರಿ ಒಂದು ಸಿನಿಮಾ, ಇಷ್ಟೇ ಕೆಲಸ ಇರುವವರಿಗೆ ಇದರಿಂದ ಲಾಭ ಇಲ್ಲ.

ಗೊಂದಲ ಹುಟ್ಟೋದು ಹೆಸರಿನಿಂದಲೇ. ರಿಯಲ್-ಟೈಮ್ ಅಂದ ಕೂಡಲೇ 'ಸಿಕ್ಕಾಪಟ್ಟೆ ಫಾಸ್ಟ್' ಅಂದುಕೊಳ್ತೇವೆ. ಅದು ವೇಗದ ಮಾತಲ್ಲ, ಹೇಳಿದ ಹೊತ್ತಿಗೆ ತಪ್ಪದೆ ಕೆಲಸ ಆಗಬೇಕು ಅನ್ನುವ ಮಾತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಆಂಬುಲೆನ್ಸ್ ಬಂದಾಗ ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು ಅಂತಿಟ್ಟುಕೊಳ್ಳಿ. ಆಂಬುಲೆನ್ಸ್ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟುತ್ತದೆ. ಆದರೆ ಹಿಂದಿರುವ ಬಿಎಂಟಿಸಿ ಬಸ್ಸು ಅದರಿಂದ ಬೇಗ ಹೋಗೋದಿಲ್ಲ. ಸರಿದು ನಿಂತಿದ್ದಕ್ಕೆ ಸ್ವಲ್ಪ ತಡವೇ ಆಗಬಹುದು.

ಕರ್ನಲ್ ಒಳಗೆ ನಡೆಯೋದೂ ಇದೇ. ಮಾಮೂಲಿ ಕರ್ನಲ್ ಕೆಲವು ಲಾಕ್‌ಗಳನ್ನು ಹಿಡಿದಿರುವಾಗ, ಎಷ್ಟೇ ತುರ್ತಿನ ಕೆಲಸ ಬಂದರೂ ಅದು ಕಾಯಲೇಬೇಕು. ರಿಯಲ್-ಟೈಮ್ ಕರ್ನಲ್‌ನಲ್ಲಿ ಅಂಥ ಬಹುತೇಕ ಲಾಕ್‌ಗಳ ನಡುವೆಯೂ ತುರ್ತು ಕೆಲಸ ನುಗ್ಗಬಹುದು. ಇಂಟರಪ್ಟ್‌ಗಳನ್ನು ನೋಡಿಕೊಳ್ಳುವ ಕೆಲಸವೂ ಬಹುಪಾಲು ಥ್ರೆಡ್‌ಗಳಾಗಿ ಸರದಿಯಲ್ಲಿ ನಿಲ್ಲುತ್ತದೆ. ಆದರೆ 'ನಾನು ತುರ್ತು' ಅಂತ ರಿಯಲ್-ಟೈಮ್ ಆದ್ಯತೆ ಪಡೆದವರಿಗೆ ಮಾತ್ರ ಈ ಸೌಲಭ್ಯ. ನಮ್ಮ ಆಡಿಯೊ ಪ್ರೋಗ್ರಾಂ ಅಂಥದ್ದು. ಬ್ರೌಸರ್ ಅಲ್ಲ, ಅದು ಬಿಎಂಟಿಸಿ ಬಸ್ಸು. ಮೇಲಾಗಿ ಪದೇ ಪದೇ ಕೆಲಸ ಬದಲಿಸುವುದರಿಂದ ಒಟ್ಟು ಕೆಲಸದ ವೇಗ ಸ್ವಲ್ಪ ಇಳಿಯುವುದೂ ಉಂಟು.

ಲೆಕ್ಕವನ್ನೂ ನೋಡೋಣ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ತುಣುಕು ಸಿದ್ಧ ಆಗದಿದ್ದರೆ ಪಟ್ ಅಂತ ಸದ್ದು. ಇಲ್ಲಿ ಒಂದೆರಡು ಮಿಲಿಸೆಕೆಂಡ್ ತಡವೂ ದುಬಾರಿ. ಆದರೆ ನಮ್ಮ 60 ಹರ್ಟ್ಸ್ ಪರದೆ ಬದಲಾಗೋದೇ 16.7 ಮಿಲಿಸೆಕೆಂಡಿಗೊಮ್ಮೆ. ಪಿಡಿಎಫ್ ಓದುವವರ ಕಣ್ಣಿಗೆ ಆ ಒಂದೆರಡು ಮಿಲಿಸೆಕೆಂಡ್ ಉಳಿದದ್ದು ಗೊತ್ತೇ ಆಗಲ್ಲ.

"ಹಾಕಿದ ಮೇಲೆ ಸ್ಮೂತ್ ಆಗಿದೆ" ಅಂದವರೂ ನಮ್ಮಲ್ಲಿದ್ದಾರೆ. ಕೇಳಿದರೆ, ಮೂರು ವಾರದಿಂದ ರೀಬೂಟೇ ಮಾಡಿರಲಿಲ್ಲ! 8 ಜಿಬಿ ರ‍್ಯಾಮ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟು, ಡಿಸ್ಕಿನಲ್ಲಿ ಸ್ವಾಪ್ ಓಡುತ್ತಿದ್ದರೆ ಯಾವ ಕರ್ನಲ್ ಬಂದು ಏನು ಮಾಡೀತು? ಇನ್ನೊಬ್ಬಳ ಕಥೆ ನಗುವಂಥದ್ದಲ್ಲ. ಹೊಸ ಕರ್ನಲ್‌ಗೆ ಅವಳ ಗ್ರಾಫಿಕ್ಸ್ ಡ್ರೈವರ್ ಹೊಂದಲಿಲ್ಲ. ಥೀಸಿಸ್ ಸಲ್ಲಿಸುವ ವಾರ ಬರೀ ಕಪ್ಪು ಪರದೆ. ಹಳೇ ಕರ್ನಲ್‌ಗೆ ಮರಳಬಹುದು ಅಂತ ಗೊತ್ತಾಗುವಷ್ಟರಲ್ಲಿ ಎರಡು ದಿನ ಹೋಗಿತ್ತು. ಆ ಎರಡು ದಿನಕ್ಕೆ ನಾವೂ ಹೊಣೆ, "ಹಾಕ್ಕೋ, ಏನಾಗಲ್ಲ" ಅಂದವರು ನಾವೇ ತಾನೆ.

ಹಾಗಂತ ರಿಯಲ್-ಟೈಮ್ ಕೆಲಸವನ್ನು ಹಗುರವಾಗಿ ಕಾಣೋದು ಬೇಡ. 2004ರ ಸುಮಾರಿಗೆ ಶುರುವಾದ ಈ ಪ್ರಯತ್ನ ಇಪ್ಪತ್ತು ವರ್ಷ ಪ್ರತ್ಯೇಕ ಪ್ಯಾಚ್ ಆಗಿಯೇ ಉಳಿದು, ನವೆಂಬರ್ 2024ರಲ್ಲಿ ಬಂದ ಲಿನಕ್ಸ್ 6.12ರಲ್ಲಿ ಮುಖ್ಯ ಕರ್ನಲ್ ಸೇರಿತು. ವರ್ಷಗಟ್ಟಲೆ ಇದನ್ನು ಮುನ್ನಡೆಸಿದ ಥಾಮಸ್ ಗ್ಲೈಕ್ಸ್‌ನರ್ ನಾವು ಓದುತ್ತಿರುವ ಈ ಜರ್ಮನಿಯವರೇ. ರೋಬೋಟ್ ತೋಳು, ಕಾರ್ಖಾನೆಯ ಯಂತ್ರ, ಲೈವ್ ಸಂಗೀತ, ಇಂಥ ಕಡೆ ಇದು ಬೇಕು. ಆಟೊಮೇಷನ್ ಓದುತ್ತಿರುವವರು ಖಂಡಿತ ಕಲಿಯಿರಿ. ಮಿಕ್ಕವರಿಗೂ ಇದರ ಫಲ ಸದ್ದಿಲ್ಲದೆ ಸಿಕ್ಕಾಗಿದೆ. ಸೂಕ್ಷ್ಮ ಟೈಮರ್‌ಗಳು, ಥ್ರೆಡ್‌ಗಳಾಗಿ ಓಡಬಲ್ಲ ಇಂಟರಪ್ಟ್‌ಗಳು, ಎಫ್‌ಟ್ರೇಸ್, ಇವೆಲ್ಲ ಆ ಕೆಲಸದಿಂದಲೇ ಬಂದು ಎಷ್ಟೋ ವರ್ಷಗಳಿಂದ ಮಾಮೂಲಿ ಕರ್ನಲ್‌ನಲ್ಲಿವೆ.

ಹಾಗಾಗಿ ಹೊಸದಾಗಿ ಬಂದಿರುವ ತಮ್ಮ ತಂಗಿಯರಿಗೆ ನಾವು ಹೇಳೋದು ಇಷ್ಟು. ಸ್ಲೋ ಅನಿಸಿದರೆ ಮೊದಲು ಸಿಸ್ಟಮ್ ಮಾನಿಟರ್ ತೆರೆದು ರ‍್ಯಾಮ್, ಸ್ವಾಪ್, ಡಿಸ್ಕ್ ನೋಡಿ. ಸದ್ದು ಒಡೆಯುತ್ತಿದ್ದರೆ ಬಫರ್ ಸ್ವಲ್ಪ ಹೆಚ್ಚಿಸಿ. ಅದೂ ಸಾಲದಿದ್ದರೆ ಹಲವು ಡಿಸ್ಟ್ರೊಗಳ ಮಾಮೂಲಿ ಕರ್ನಲ್‌ನಲ್ಲೇ ಬೂಟ್ ಮಾಡುವಾಗ ಪ್ರೀಎಂಪ್ಟ್ ಆಯ್ಕೆಯನ್ನು 'ಫುಲ್' ಅಂತ ಕೊಟ್ಟು ನೋಡಬಹುದು. ಆಮೇಲೂ ಬೇಕೆನಿಸಿದರೆ ರಿಯಲ್-ಟೈಮ್ ಹಾಕಿಕೊಳ್ಳಿ, ಹಳೇ ಕರ್ನಲ್ ಮಾತ್ರ ಅಳಿಸಬೇಡಿ. ಪರೀಕ್ಷೆ ವಾರದಲ್ಲಂತೂ ಈ ಸಾಹಸ ಬೇಡವೇ ಬೇಡ.

ನಮ್ಮ ಸಂಘದ ಕೀಬೋರ್ಡ್ ಲ್ಯಾಪ್‌ಟಾಪಿನಲ್ಲಿ ಅದು ಇನ್ನೂ ಇದೆ, ಈ ನವೆಂಬರ್‌ಗೂ ಇರುತ್ತದೆ. ನಮ್ಮ ಸ್ವಂತದ್ದರಲ್ಲಿ ತೆಗೆದು ಹಾಕಿದ್ದೇವೆ. ಒಪ್ಪದವರು ರಿಹರ್ಸಲ್‌ಗೆ ಬನ್ನಿ, ಚಹಾ ಕುಡಿಯುತ್ತಾ ಜಗಳ ಆಡೋಣ.