ಎರವಲು ಉಪಗ್ರಹ, ಕೋಳಿ ಜಾಲರಿ

ಉಪಗ್ರಹ ಅಂದಕೂಡಲೇ ಎಲ್ಲರೂ ರಾಕೆಟ್ಟಿನ ಬಗ್ಗೆ ಬರೀತಾರೆ. ನನಗೆ ಮಾತ್ರ ನೆಲದ ಮೇಲಿನ ಜಾಲರಿಯೇ ದೊಡ್ಡದು ಅನ್ನಿಸುತ್ತೆ.

1974ರ ಮೇ 30ರಂದು ಹಾರಿದ ನಾಸಾದ ಎಟಿಎಸ್-6 ಅನ್ನು ಎರವಲು ಪಡೆದು ಇಸ್ರೋ 1975ರ ಆಗಸ್ಟ್ 1ರಿಂದ ಒಂದು ವರ್ಷ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿತು. ಆರು ರಾಜ್ಯಗಳು, ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಉಪಗ್ರಹದ ಆಂಟೆನಾ ಕೊಡೆ ಥರ ಬಿಚ್ಚಿಕೊಂಡರೆ 9 ಮೀಟರ್ ಅಗಲ! ಮೇಲೆ ಅಷ್ಟು ದೊಡ್ಡದಿದ್ದದ್ದಕ್ಕೇ ಕೆಳಗೆ ಕೋಳಿಗೂಡಿನ ತಂತಿ ಜಾಲರಿಯ 3 ಮೀಟರ್ ಆಂಟೆನಾ ಸಾಕಾಯ್ತು. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ವ್ಯವಸ್ಥೆ ಬೇರೆ.

ಬಸವಕಲ್ಯಾಣದ ಹತ್ತಿರದ ಮೋರಖಂಡಿ ಬೀದರ್ ಜಿಲ್ಲೆಯದು, ಆ ಪಟ್ಟಿಯಲ್ಲಿರಲಿಲ್ಲ. ತರಂಗಕ್ಕೇನು ಜಿಲ್ಲೆಯ ಗಡಿ ಗೊತ್ತೆ? ಮೋರಖಂಡಿಯ ಮೇಲೂ ಸುರೀತಿತ್ತು. ಹಿಡಿಯೋಕೆ ಜಾಲರಿ ಕೊಟ್ಟಿರಲಿಲ್ಲ, ಅಷ್ಟೆ. ಅದಕ್ಕೇ ನನ್ನ ತಕರಾರು: ಉಪಗ್ರಹದ ತೂಕ, ಟ್ರಾನ್ಸ್‌ಪಾಂಡರ್ ಲೆಕ್ಕ ಹೇಳುವವರು ಅದನ್ನು ಹಿಡಿಯುವ ಸಾಧನ ಎಷ್ಟು ಊರಲ್ಲಿದೆ ಅಂತಲೂ ಹೇಳಲಿ.

1976ರ ಜುಲೈ 31ಕ್ಕೆ ವಾಯಿದೆ ಮುಗೀತು. 1979ರಲ್ಲಿ ಉಪಗ್ರಹವೂ ನಿವೃತ್ತ. ಅಷ್ಟರಲ್ಲಿ, 1977ರಲ್ಲಿ, ಗುಲ್ಬರ್ಗಕ್ಕೆ ನೆಲದ ಟ್ರಾನ್ಸ್‌ಮಿಟರ್ ಬಂದಿತ್ತು, ಬೆಂಗಳೂರಿಗಿಂತ ಮೊದಲೇ (ಬೆಂಗಳೂರಿನವರಿಗೆ ಹೇಳಿದರೆ ನಂಬೋದಿಲ್ಲ).

ಆ ಜಾಲರಿ ನೋಡಿದ ಹಿರಿಯರು ನಿಮ್ಮನೆಯಲ್ಲಿದ್ದರೆ ಕೇಳಿ ಬರೆಯಿರಿ.